ಕಲ್ಲಿಗೆ ಕಟ್ಟಿದ ಗೋರಿ

ಹಲೋ... ಹಲೋ, ಯಾರು ಮಾತಾಡ್ತಿರೋದು? ಜೋರಾಗಿ ಹೇಳಪ್ಪ, ಈ ಗುಡ್ಡದ ಮೇಲೆ ಗಾಳಿ ಜಾಸ್ತಿ. ಹಾಂ, ನಾನೇ, ಹಳೇ ಕಲ್ಲು, ಮೂಳೆ ಅಗೆಯೋ ಕ್ಯಾಂಪಿನ ಮೇಸ್ತ್ರಿ ಎಕಿದೋರ್. ನೀನ್ಯಾರು?

...

ಲೊಪೆಯೊಕ್ಕಾ? ಯಾವ ಲೊಪೆಯೊಕ್? ... ನಮ್ಮ ಲೊಪೆಯೊಕ್ಕೇ? ಹಾವು ಕಚ್ಚಿದವನು? ಬದುಕಿದೀಯೇನೋ!

...

ಲೊದ್ವಾರ್ ಆಸ್ಪತ್ರೇಲಾ... ಏಳು ತಿಂಗಳಾಯ್ತು ಅಲ್ವಾ? ಏನು, ಕಾಲು ತೆಗೆದ್ರಾ? ಎಲ್ಲೀವರೆಗೆ? ... ಮಂಡಿ ಮೇಲಕ್ಕಾ. ಪಾಪ. ಹಾಗಾದ್ರೆ ನಡೆದು ಬರೋ ಮಾತಿಲ್ಲ ಅನ್ನು.

...

ಕಲ್ಲು? ಯಾವ ಕಲ್ಲು? ... ಓಹೋ, ನಿನ್ನ ಕಲ್ಲು. ಕಾಲು ಹೋದ್ರೂ ಕಲ್ಲಿನ ಧ್ಯಾನ ಬಿಟ್ಟಿಲ್ಲ ನೀನು. ಅಲ್ಲೇ ಇದೆಯಪ್ಪ, ಎಲ್ಲಿಗೆ ಹೋಗುತ್ತೆ? ಮನುಷ್ಯ ಇನ್ನೂ ಮನುಷ್ಯ ಆಗೋಕೆ ಮುಂಚೆ ಯಾವನೋ ಮಾಂಸ ಕೊಯ್ಯೋಕೆ ಅಂತ ಒಡೆದು ಬಿಸಾಕಿದ್ದು. ಇಷ್ಟು ಕಾಲ ಇದ್ದದ್ದು ಇನ್ನೇಳು ತಿಂಗಳು ಇರಲ್ವಾ?

...

ನೋಡಿದೀನಿ ಕಣೋ. ನಿನ್ನ ಲಾರಿ ಹತ್ತಿಸಿದ ದಿನಾನೇ ಹೋಗಿ ನೋಡ್ದೆ. ಒಂದೇ ಏಟಿಗೆ ಎಬ್ಬಿಸಿರೋ ಚಕ್ಕೆ. ಪಕ್ಕದಲ್ಲೇ ಏಟು ಹಾಕಿದ ಗುಂಡುಕಲ್ಲು. ಅಂಚಿನ ಮೇಲೆ ಬೆರಳಾಡಿಸ್ದೆ, ರಕ್ತ ಬಂತು. ಇನ್ನೂ ಹರಿತ! ಅಷ್ಟು ಹಳೇದು ನಮ್ಮ ಕ್ಯಾಂಪಲ್ಲಿ ಯಾರಿಗೂ ಸಿಕ್ಕಿಲ್ಲ. ಇಪ್ಪತ್ತೆರಡು ವರ್ಷ ನೆಲ ನೋಡ್ಕೊಂಡು ನಡೆದಿದೀನಿ ನಾನು, ಕತ್ತು ಸೊಟ್ಟಗಾಗಿದೆ. ನೀನು ನೀರು ಹೊರೋಕೆ ಬಂದವನು... ಅದೇ ನಾನೂ ಹೇಳ್ತಿರೋದು, ಉಚ್ಚೆ ಹೊಯ್ಯೋಕೆ ನಿಂತಲ್ಲಿ ಸಿಕ್ತು ನಿಂಗೆ!

...

ಇಲ್ಲ. ಅಗೆದಿಲ್ಲ. ಈ ಸಲದ ಅಗೆತ ನಡೆಸೋಕೆ ಪ್ರೊಫೆಸರಮ್ಮ ಹೋದ ವಾರ ಅವರ ದೇಶದಿಂದ ವಾಪಸ್ ಬಂದ್ರು, ಆ ಜಾಗಕ್ಕೂ ಬಂದ್ರು. ನೋಡಿ, ಇಲ್ಲಿ ಅಗೆಯೋದು ಬೇಡ ಅಂದ್ರು.

...

ತಪ್ಪು ನಿಂದೇ. ಗುರುತಿಗೆ ಕಲ್ಲು ಜೋಡಿಸಿ ಹೋದೆ ಅಲ್ವಾ? ... ಹೌದಪ್ಪ, ನಾನೇ ಕಲಿಸಿದ್ದು. ಸಿಕ್ಕಿದ್ದನ್ನ ಎತ್ತಬೇಡ, ಸುತ್ತ ನಾಲ್ಕು ಕಲ್ಲಿಡು ಅಂದಿದ್ದೆ. ನೀನು ನಲವತ್ತು ಇಟ್ಟೆ. ಕಳ್ಳರ ಕಣ್ಣು ಬೀಳುತ್ತೆ ಅಂತ ಮೇಲೂ ಮುಚ್ಚಿದೆ. ಅದೂ ಮೇಕೆ ಹೋಗೋ ದಾರಿ ಪಕ್ಕ! ನಮ್ಮ ಜನ ಏನಂದುಕೊಳ್ತಾರೆ? ಯಾರದೋ ಗೋರಿ ಅಂತ ಹೋಗೋರು ಒಂದು, ಬರೋರು ಒಂದು ಕಲ್ಲು ಇಟ್ಕೊಂಡೇ ಬಂದ್ರು. ಈಗ ನನ್ನ ಸೊಂಟದ ಮಟ್ಟ ಇದೆ.

...

ಕೇಳಿದ್ರಪ್ಪ, ಕೇಳದೇ ಇರ್ತಾರಾ? ಎಕಿದೋರ್, ಇದು ಯಾರ ಗೋರಿ, ಹೋದ ಸಲ ಇರಲಿಲ್ವಲ್ಲ ಅಂದ್ರು. ನಾನು ಏನು ಹೇಳಿದೆ ಅಂತೀಯ?

...

ನಿಂದು ಅಂದೆ.

...

ಹಲೋ? ಇದೀಯಾ? ... ಹೂಂ ಕಣೋ, ನಿಂದೇ. ದಾರೀಲೇ ಜೀವ ಹೋಯ್ತು, ಲಾರಿಯೋರು ವಾಪಸ್ ತಂದ್ರು, ನಾನೇ ಹೂತೆ ಅಂದೆ. ಆಗ ಕೆಲಸ ಮುಗಿದು ಎಲ್ರೂ ಊರಿಗೆ ಹೋಗಿದ್ರು, ನೀನು ಲಾರಿ ಹತ್ತಿದ ಮೇಲೆ ಕಾವಲಿಗೆ ಉಳಿದವನು ನಾನೊಬ್ಬನೇ. ಯಾರು ಅಲ್ಲ ಅಂತಾರೆ? ಪ್ರೊಫೆಸರಮ್ಮ ಟೋಪಿ ತೆಗೆದು ತಾವೂ ಒಂದು ಕಲ್ಲು ಇಟ್ರು. ನಮ್ಮ ಪದ್ಧತಿ ಅವರಿಗೂ ರೂಢಿಯಾಗಿದೆ ನೋಡು.

...

ಬಯ್ಯಿ, ಬಯ್ಯಿ. ಸತ್ತೋನು ಬೈದ್ರೆ ನನಗೇನಾಗುತ್ತೆ? ... ಯಾಕೆ ಅಂದ್ರೆ ಹೊಟ್ಟೆ ಉರೀತು ಕಣೋ, ಅಷ್ಟೇ. ಆ ಕಲ್ಲು ನನಗೂ ಬೇಡ. ಆದ್ರೆ ಮ್ಯೂಸಿಯಂ ಗಾಜಿನ ಪೆಟ್ಟಿಗೆ ಮೇಲೆ ಲೊಪೆಯೊಕ್ ಕಂಡದ್ದು ಅಂತ ಬರೆದಿರ್ತಾರೆ, ನಾನು ಹಲ್ಲು ಕಿರಿದುಕೊಂಡು ಪಕ್ಕ ನಿಂತಿರಬೇಕು, ಅಲ್ವಾ? ಅದು ನನ್ನ ಕೈಲಾಗಲ್ಲ.

...

ಬಾ, ಬಂದು ನೀನೇ ಕಿತ್ತು ತೋರಿಸು. ಮೂರು ದಿನದ ದಾರಿ, ಒಂದು ಕಾಲು... ಯಾರನ್ನ ಕಳಿಸ್ತೀಯ? ಗೋರಿ ಕಲ್ಲಿಗೆ ಕೈ ಹಾಕೋ ಗಂಡಸು ನಮ್ಮಲ್ಲಿ ಇದಾನಾ? ... ಫೋನು ಪ್ರೊಫೆಸರಮ್ಮನಿಗೆ ಕೊಡಬೇಕಾ? ಅವರಿಗೆ ಕೊಡೋಕೆ ಕ್ಯಾಂಪಿಗಿರೋ ಈ ಒಂದೇ ಫೋನು ನನ್ನ ಕೈಯಲ್ಲಿರೋದಾ?

...

ನಿಮ್ಮವ್ವನಾ? ... ಅವಳಿಗೆ ನಾನು ಹೇಳಲಿಲ್ಲ ಕಣೋ, ಆಣೆ. ಒಂಟೆ ಹೊಡ್ಕೊಂಡು ಬೆಟ್ಟದ ಕಡೆ ಹೋಗಿದ್ಲು, ನಾಲ್ಕು ದಿನದ ಹಿಂದೆ ಬಂದ್ಲು. ಮಗ ಎಲ್ಲಿ ಅಂತ ಬಾಯಿ ತೆಗೆಯೋಕೆ ಮುಂಚೆ ಪ್ರೊಫೆಸರಮ್ಮ ತಬ್ಬಿಕೊಂಡು ಅತ್ತುಬಿಟ್ರು. ನಾನೇನು ಮಾಡ್ಲಿ? ಸೂತಕಕ್ಕೆ ಅಂತ ಕತ್ತಿನ ಮಣಿಸರ ಅಷ್ಟೂ ಬಿಚ್ಚಿಟ್ಲು. ಮಣಿ ಇಲ್ಲದ ಕತ್ತು ಮಗೂನ ಕತ್ತಿನ ಹಾಗಿದೆ, ನೋಡೋಕಾಗಲ್ಲ. ನನಗೂ ಪಾಪ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಈಗ ಬಾಯಿ ಬಿಟ್ರೆ ನನ್ನ ಕೆಲಸ ಉಳಿಯುತ್ತಾ?

...

ಅಳಬೇಡ, ಅಳಬೇಡ... ಹಾಂ, ಗೋರಿಗೆ ದಿನಾ ಬರ್ತಾಳೆ. ನಿಂಗಿಷ್ಟ ಅಂತ ಒಂದು ಚಿಟಿಕೆ ತಂಬಾಕು ಇಟ್ಟು ಹೋಗ್ತಾಳೆ. ಅಗೋ, ಈಗಲೂ ಬಂದ್ಲು, ಇಲ್ಲಿಂದ ಕಾಣಿಸುತ್ತೆ. ತಂಬಾಕು ಇಟ್ಲು... ಅಯ್ಯೋ, ಗುಡ್ಡ ಹತ್ತುತಿದಾಳೆ. ನನ್ನ ಕಡೇನೇ.

...

ಕೂಗಬೇಡ್ವೋ! ಕೇಳಿಸುತ್ತೆ. ಲೊಪೆಯೊಕ್, ಬಾಯ್ಮುಚ್ಚು!

...

ಬಾ ಅವ್ವಾ, ನಿಧಾನ, ಕಲ್ಲು ಜಾರುತ್ತೆ... ಇದಾ? ಯಾರೂ ಅಲ್ಲ ಅವ್ವಾ, ಯಾರೋ ತಪ್ಪಿ ಈ ನಂಬರಿಗೆ ಮಾಡಿದಾರೆ... ಅವ್ವಾ ಅಂತ ಕೂಗಿದ್ದು ನಿಂಗೂ ಕೇಳಿಸ್ತಾ? ಪಾಪ, ಅವನಿಗೂ ಒಬ್ಬ ಅವ್ವ ಇರಬೇಕು... ಲೋ ತಮ್ಮಾ, ನೀನು ಹುಡುಕ್ತಿರೋ ಅವ್ವ ಇಲ್ಲಿಲ್ಲ ಕಣಪ್ಪ, ಫೋನಿಡು, ಇಲ್ದಿದ್ರೆ ನಾನೇ ಇಡ್ತೀ...