ಕೆಮ್ಮದೆ ಬಂದ ಗಂಡ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಕಾಲು ಚಾಚಿದವರು ಮಡಚಿಕೊಳ್ಳಿ, ಪಿಸುಗುಟ್ಟುವವರು ಬಾಯಿ ಮುಚ್ಚಿ. ಹೂಂಗುಟ್ಟುವವರು ಇದ್ದರೆ ಕಥೆ ನಡೆಯುತ್ತದೆ, ಇಲ್ಲದಿದ್ದರೆ ಕಥೆಯೂ ಮಲಗುತ್ತದೆ. ನಾನು ಹುಟ್ಟಿದ ಸೀಮೆ ಇಲ್ಲಿಂದ ಬಲು ದೂರ. ಬರುವಾಗ ಗಂಟಿನಲ್ಲಿ ಕಟ್ಟಿ ತಂದದ್ದು ಎರಡೇ, ಒಂದು ಕಂಬಳಿ, ಒಂದು ಕಥೆ. ಕಂಬಳಿ ನಾನು ಹೊದ್ದಿದ್ದೀನಿ. ಕಥೆ ನಿಮಗೆ ಹೊದಿಸ್ತೀನಿ.

ಊರಿದ್ದೂ ಹೆಸರಿಲ್ಲದ, ಬೆಟ್ಟವಿದ್ದೂ ಮರವಿಲ್ಲದ ಒಂದು ನಾಡು. ಅಲ್ಲಿ ಮನುಷ್ಯರಿಗಿಂತ ಕುರಿ ಹೆಚ್ಚು, ಕುರಿಗಿಂತ ಕಲ್ಲು ಹೆಚ್ಚು. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಗಂಡಸರು ಕುರಿ ಹೊಡೆದುಕೊಂಡು ಬೆಟ್ಟ ಹತ್ತಬೇಕು. ಅಲ್ಲಿ ಸೂರಿಲ್ಲ, ಗೋಡೆಯಿಲ್ಲ. ಮೈಮೇಲೊಂದು ಕಂಬಳಿ, ಅಷ್ಟೇ. ಆ ಕಾಲದ ಕಂಬಳಿ ಎಂಥದು ಗೊತ್ತಾ? ಜರಡಿಯಂಥದು! ಮೇಲೆ ಬಿದ್ದ ಹನಿ ಯಾರನ್ನೂ ಕೇಳದೆ ಬೆನ್ನಿಗಿಳಿಯುತ್ತಿತ್ತು. ಹತ್ತು ಜನ ಹತ್ತಿದರೆ ಒಂಬತ್ತು ಜನ ಇಳಿಯುತ್ತಿದ್ದರು. ವರ್ಷಕ್ಕೊಬ್ಬ ಚಳಿ ಹತ್ತಿ, ಕೆಮ್ಮು ಹತ್ತಿ ಅಲ್ಲೇ ಉಳಿಯುತ್ತಿದ್ದ.

ಆ ಊರಲ್ಲಿ ಮಾಳವ್ವ ಎಂಬ ಹೆಂಗಸು. ಅವಳ ಗಂಡ ಕ್ಯಾತಪ್ಪ. ಹೋದ ಮಳೆಗಾಲದಲ್ಲಿ ನೆಂದು ಹಿಡಿದ ಕೆಮ್ಮು ಬೇಸಿಗೆ ಬಂದರೂ ಅವನನ್ನು ಬಿಟ್ಟಿರಲಿಲ್ಲ. ಸಂಜೆ ಓಣಿಗೆ ಮೊದಲು ಕೆಮ್ಮು ಬರೋದು, ಹಿಂದಿನಿಂದ ಕ್ಯಾತಪ್ಪ ಬರೋನು. ಆ ಸದ್ದು ಕೇಳಿಯೇ ಮಾಳವ್ವ ಮುದ್ದೆಗೆ ಎಸರಿಡೋಳು.

ಒಂದು ದಿನ ಅವಳು ಅಂದಳು, "ಈ ಸಲ ಬೆಟ್ಟಕ್ಕೆ ಹೋಗಬೇಡ. ಮತ್ತೆ ನೆಂದರೆ ನೀನು ಉಳಿಯಲ್ಲ."

"ನಾನು ಹೋಗದಿದ್ರೆ ಕುರಿ ತಾವೇ ಹೋಗಿ ಮೇದು ಬರ್ತಾವಾ?"

"ನಾನೇನು ಮಾಡಲಿ ಹೇಳು ಮತ್ತೆ."

"ನೀರಿಳಿಯದ ಕಂಬಳಿ ನೇಯಿ, ಹೊದ್ದು ಹೋಗ್ತೀನಿ" ಎಂದು ಕ್ಯಾತಪ್ಪ ನಕ್ಕ. ನಗುತ್ತಾ ನಗುತ್ತಾ ಕೆಮ್ಮಿದ.

ಅವನು ಆಡಿದ್ದು ತಮಾಷೆಗೆ. ಅವಳು ಕಟ್ಟಿಕೊಂಡದ್ದು ಸೆರಗಿಗೆ. ಮಾರನೇ ದಿನವೇ ಕಾಲಿಳಿಬಿಟ್ಟು ಕೂತು ನೇಯಲು ಮಗ್ಗಕ್ಕೆ ಗುಂಡಿ ತೋಡಿದಳು. ಮನೆಮನೆಗೆ ಹೋಗಿ ನಿಂತಳು. "ಉಣ್ಣೆ ಕೊಡ್ರವ್ವಾ. ನೀರಿಳಿಯದ ಕಂಬಳಿ ನೇಯ್ತೀನಿ. ನಿಮ್ಮ ಮನೆಗೊಂದು, ನನ್ನ ಮನೆಗೊಂದು. ನನ್ನ ಗಂಡನೊಬ್ಬನೇ ಒಣಗಿದ್ದು ನಿಮ್ಮ ಗಂಡಂದಿರು ನೆಂದರೆ ಅದೇನು ಚೆಂದ?"

ಊರಲ್ಲಿ ಪಾಲಯ್ಯ ಅಂತ ಒಬ್ಬ ಕುರಿಗಾರ, ಕೊಂಕು ಮಾತಿನವನು. ಅವನೆಂದ, "ಯಕ್ಕಾ, ಕಂಬಳಿಗೆ ನೀರು ತಡಿ ಅನ್ನೋದೂ ಜರಡಿಗೆ ಹಾಲು ಹಿಡಿ ಅನ್ನೋದೂ ಒಂದೇ." ಆದರೂ ಉಣ್ಣೆ ಕೊಟ್ಟ. ಮೊದಲ ಕಂಬಳಿ ತನಗೇ ಬೇಕೆಂದ.

ಮಾಳವ್ವ ಯೋಚಿಸಿದಳು. ತೂತು ಮುಚ್ಚಿದರೆ ತಾನೇ ನೀರು ನಿಲ್ಲೋದು? ಗಟ್ಟಿಯಾಗಿ ಅಕ್ಕಿ ಗಂಜಿ ಕಾಸಿ ಕಂಬಳಿಗೆ ಬಳಿದಳು. ಭರಣಿ ಮಳೆ ಬಂತು. ಪಾಲಯ್ಯ ಹೊದ್ದು ಹೋದ. ಏನಾಯ್ತು ಹೇಳಿ ನೋಡೋಣ? ಕುರಿಗಳಿಗೆ ಗಂಜಿ ವಾಸನೆ ಬಡಿಯಿತು! ಒಂದು ಬಲಗಡೆ ಕಚ್ಚಿತು, ಒಂದು ಎಡಗಡೆ ಕಚ್ಚಿತು, ಒಂದು ಹಿಂದಿನಿಂದ ಬಂದು ಎಳೆಯಿತು. ಪಾಲಯ್ಯ ಊರಿಗೆ ಬಂದಾಗ ಕೊರಳಲ್ಲಿ ಗೇಣುದ್ದದ ಪಟ್ಟಿ ಮಾತ್ರ ಉಳಿದಿತ್ತು.

"ಯಕ್ಕಾ, ಕುರಿ ಕೊಟ್ಟ ಉಣ್ಣೆ ಕುರಿನೇ ವಾಪಸ್ ತಗೊಂಡ್ವು!"

ಊರು ನಕ್ಕಿತು. ಮಾಳವ್ವ ಮತ್ತೆ ಮಗ್ಗದ ಗುಂಡಿಗೆ ಇಳಿದಳು.

ಎರಡನೇ ಸಲ ಜಾಲಿ ಮರದ ಅಂಟು ಕರಗಿಸಿ ಬಳಿದಳು. ಬಿಸಿಲಿಗೆ ಕಂಬಳಿ ಹಲಗೆಯಾಯಿತು. ಭಲೇ ಅಂದರು. ರೋಹಿಣಿ ಮಳೆ ಬಿತ್ತು. ಅಂಟು ಕರಗಿತು, ಕಂಬಳಿ ಪಾಲಯ್ಯನ ಬೆನ್ನಿಗೆ ಮೆತ್ತಿತು. ಎಳೆದರೆ ತೊಗಲು ಬರುತ್ತದೆ, ಬಿಟ್ಟರೆ ಕಂಬಳಿ ಬರಲ್ಲ. ಅವನ ಹೆಂಡತಿ ಮೂರು ಹಂಡೆ ಬಿಸಿನೀರು ಹುಯ್ದು ಬಿಡಿಸಿದಳಂತೆ. "ಮದುವೆ ದಿನ ಕೂಡ ಇಷ್ಟು ಉಜ್ಜಿರಲಿಲ್ಲ ಕಣೇ" ಅಂತ ಅವನ ಗೋಳು.

ಈ ಸಲ ಊರು ನಕ್ಕು ಸುಮ್ಮನಾಗಲಿಲ್ಲ, ಬಾಗಿಲು ಹಾಕಿಕೊಂಡಿತು. ಇನ್ನು ಒಂದು ಎಳೆ ಉಣ್ಣೆಯೂ ಇಲ್ಲ ಅಂದಿತು. ಮಾಳವ್ವ ಗುಂಡಿಯ ಅಂಚಲ್ಲಿ ಮಂಡಿಗೆ ತಲೆ ಕೊಟ್ಟು ಕೂತಳು. ಹೊರಗೆ ಕೆಮ್ಮು ಕೇಳಿಸಿತು. ಎದ್ದು ನೋಡಿದರೆ ಕ್ಯಾತಪ್ಪ ಕತ್ತರಿ ಹಿಡಿದು ತನ್ನ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದಾನೆ.

"ತಗೋ. ಇನ್ನೊಂದು ಸಲ ನೇಯಿ. ಕುರಿಗೆ ಕೂದಲು ಮತ್ತೆ ಬರುತ್ತೆ."

ಅವತ್ತು ಈರಜ್ಜಿ ಎಂಬ ಮುದುಕಿಯ ಮನೆ ಮುಂದೆ ಮಾಳವ್ವ ಹಾದುಹೋಗುತ್ತಿದ್ದಳು. ಈರಜ್ಜಿಗೆ ಕಣ್ಣಿಲ್ಲ, ಕಿವಿ ಮಾತ್ರ ನಾಲ್ಕು ಜನರದ್ದು. ಜಗಲಿ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಅವಳ ಮೊರಕ್ಕೊಂದು ತೇಪೆ.

"ಅಜ್ಜಿ, ಇದೇನು ಹಚ್ಚಿದ್ದೀಯ?"

"ಹುಣಸೆ ಬೀಜ ಕಣೇ. ಮೂರು ಮಳೆಗಾಲ ಈ ಮೊರ ಸೂರಂಚಲ್ಲಿ ನೆಂದಿದೆ, ತೇಪೆ ಬಿಟ್ಟಿಲ್ಲ. ಅದನ್ನ ಹೆಂಗೆ ಮಾಡಬೇಕು ಅಂದ್ರೆ..."

ಮಾಳವ್ವ ನಿಂತಿದ್ದರೆ ತಾನೇ! ಅರ್ಧ ಮಾತಿಗೇ ಓಡಿದಳು. ಹಸಿ ಬೀಜ ಜಜ್ಜಿದಳು, ಅರೆದಳು, ಮೆತ್ತಿದಳು. ಮೃಗಶಿರ ಮಳೆಗೆ ಕ್ಯಾತಪ್ಪನೇ ಹೊದ್ದು ಹೋದ. ಒಣಗಿದ ಮೆತ್ತು ಹಪ್ಪಳದ ಹಾಗೆ ಪಟಪಟ ಒಡೆದು ಉದುರಿತು. ನೀರು ಎಂದಿನಂತೆ ಇಳಿಯಿತು. ಮೂರು ದಿನ ಕ್ಯಾತಪ್ಪ ಜ್ವರದಲ್ಲಿ ಬೆಂದ. ಎದ್ದ ಮೇಲೂ ಉಸಿರಿಗೊಂದು ಕೆಮ್ಮು. ಬೆಟ್ಟ ಹತ್ತಲು ಇನ್ನು ಹದಿನೈದು ದಿನ.

ಮಾಳವ್ವ ಈರಜ್ಜಿಯ ಮುಂದೆ ಕುಸಿದು ಕೂತಳು. "ಸೋತೆ ಅಜ್ಜಿ. ಮೂರು ಮಳೆಗೂ ಸೋತೆ. ನನ್ನ ಕೈಯಾರೆ ಅವನನ್ನ ಕೊಲ್ತಿದ್ದೀನಿ."

"ಸೋತಿಲ್ಲ. ಅರ್ಧ ಮಾತು ಕೇಳಿ ಓಡಿದೆ, ಅರ್ಧ ಕಂಬಳಿ ಸಿಕ್ಕಿತು. ಈಗ ಅಲ್ಲಾಡದೆ ಕೂತ್ಕೋ. ಬೀಜ ಹುರೀಬೇಕು. ಸಿಪ್ಪೆ ಕಳೀಬೇಕು. ನೆನೆಹಾಕಿ, ಅರೆದು, ಕುದಿಸಬೇಕು. ಸಿಪ್ಪೆ ಒಂದು ಹಿಡಿ ಉಳಿಸಿ ಹಾಕು, ಒಗರು ಇರಲಿ. ಒಗರು ನೆಕ್ಕಿದ ಕುರಿ ಎರಡನೇ ಸಲ ಬಾಯಿ ಹಾಕಲ್ಲ. ಆಮೇಲೆ ಬಿಸಿ ಆರೋದ್ರೊಳಗೆ ಎರಡೂ ಕಡೆ ಬಳೀಬೇಕು. ಇದು ಎರಡು ಕೈಯ ಕೆಲಸ ಅಲ್ಲ, ಇಪ್ಪತ್ತು ಕೈ ಬೇಕು."

"ಎಲ್ಲಿಂದ ತರಲಿ ಅಜ್ಜಿ? ಊರೆಲ್ಲ ಬಾಗಿಲು ಹಾಕಿದೆ."

"ಬಾಗಿಲ ಒಳಗಿರೋರನ್ನ ಬಿಡು. ಹೊರಗೆ ಜಗಲಿ ಮೇಲೆ ಕೂತೋರನ್ನ ಕರಿ."

ಕೇಳಿದಿರಾ? ಆ ಊರಿನ ಜಗಲಿ ಜಗಲಿಗೂ ಒಬ್ಬೊಬ್ಬ ಮುದುಕಿ. ಕೂತು ಉಣ್ಣೋರು, ದಂಡದ ಕೂಳು ಅಂತ ಸೊಸೆಯರು ಗೊಣಗುತ್ತಿದ್ದರು. ಮಾಳವ್ವ ಕರೆದಳು. ಹತ್ತು ಮುದುಕಿಯರು ಕೋಲೂರಿಕೊಂಡು ಬಂದರು. ಚೆನ್ನೆಮಣೆ ಆಡಲು ಕಟ್ಟಿಟ್ಟುಕೊಂಡಿದ್ದ ಹುಣಸೆ ಬೀಜವನ್ನೆಲ್ಲ ಸೆರಗಿನಿಂದ ಸುರಿದರು. ಒಬ್ಬಳು ಹುರಿದಳು, ಒಬ್ಬಳು ಕುಟ್ಟಿದಳು, ಒಬ್ಬಳು ಅರೆದಳು. ಬೊಚ್ಚು ಬಾಯಿಗಳಲ್ಲಿ ಹಾಡು ಎದ್ದಿತು. ಮನೆಯಲ್ಲಿ ಮುದುಕಿಯರ ಮಾತಿಗೆ ಬೆಲೆ ಬಂದದ್ದು ಆವತ್ತಿನಿಂದಲೇ. ಅತ್ತೆಯೇ ಹೋಗಿ ಕೂತ ಮೇಲೆ ಸೊಸೆ ಉಣ್ಣೆ ಇಲ್ಲ ಅನ್ನೋದು ಹೇಗೆ? ಅವರೂ ಬಂದರು, ಉಣ್ಣೆಯೂ ಬಂತು. ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ ಅಂತಾರಲ್ಲ, ಹದಿನೈದು ದಿನಕ್ಕೆ ಹತ್ತು ಕಂಬಳಿ ಆದವು.

ಪಾಲಯ್ಯ ಹೊದೆಯಲು ಒಲ್ಲೆ ಎಂದ. ಅವನವ್ವ ಕೋಲೆತ್ತಿದಳು. "ಆಯ್ತು, ನಮ್ಮವ್ವ ಬಳಿದದ್ದು ಅಂತ ಹೊದಿತೀನಿ. ಮಾಳಕ್ಕನ ಮಾತಿಗಲ್ಲ!"

ಹತ್ತು ಜನ ಬೆಟ್ಟ ಹತ್ತಿದರು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ’ ಅನ್ನೋ ಗಾದೆ ಇದೆ. ಆ ವರ್ಷ ಆರಿದ್ರಾ ಆಗಿದ್ದೇ ಆಗಿದ್ದು. ಒಂಬತ್ತು ದಿನ ಆಕಾಶ ಕಣ್ಣು ಬಿಡಲಿಲ್ಲ. ಹತ್ತನೇ ದಿನ ಬಿಸಿಲು ಬಿತ್ತು. ದೂರದಲ್ಲಿ ಕುರಿಗಂಟೆ ಕೇಳಿಸಿತು.

ಮಾಳವ್ವ ಒಲೆಯ ಮುಂದೆ ಕಿವಿಯಾಗಿ ಕೂತಳು. ಗಂಟೆ ಬಂತು. ಕುರಿ ಬಂದವು. ನಾಯಿ ಬೊಗಳಿತು. ಪಾಲಯ್ಯನ ನಗು ಬಂತು. ಕೆಮ್ಮು ಮಾತ್ರ ಬರಲಿಲ್ಲ.

ಬಾಗಿಲಾಚೆ ಜಗಲಿಗೆ ಬಂದು ಕೂತಿದ್ದ ಈರಜ್ಜಿ ಸಣ್ಣ ದನಿಯಲ್ಲಿ ಅಂದಳು, "ಮಾಳೀ, ಕೆಮ್ಮು ಕೇಳಲಿಲ್ಲವಲ್ಲೇ..."

ಮಾಳವ್ವ ಎಸರಿಗೆಂದು ಎತ್ತಿಕೊಂಡಿದ್ದ ಗಡಿಗೆಯನ್ನು ಹಾಗೇ ಕೆಳಗಿಟ್ಟಳು. ಮೂಲೆ ಹಿಡಿದು ಮುಖ ಮುಚ್ಚಿಕೊಂಡಳು.

"ಏನೇ ಇದು, ಎಸರೇ ಇಟ್ಟಿಲ್ಲ?"

ತಿರುಗಿ ನೋಡಿದರೆ ಬಾಗಿಲಲ್ಲಿ ಕ್ಯಾತಪ್ಪ! ಬಿದ್ದೆದ್ದು ಓಡಿದಳು, ಅವನ ಎದೆಗೆ ಎರಡೂ ಕೈಯಲ್ಲಿ ಗುದ್ದಿದಳು. ಕಂಬಳಿ ಡೊಳ್ಳಿನ ಹಾಗೆ ಡಬ್ ಡಬ್ ಅಂದಿತು. ಅಷ್ಟು ಒಣಗಿತ್ತು.

"ಕೆಮ್ಮಲಿಲ್ಲ ಯಾಕೆ? ಯಾಕೆ ಕೆಮ್ಮಲಿಲ್ಲ ನೀನು?"

"ಬಂದಿದ್ರೆ ತಾನೇ ಕೆಮ್ಮೋದು! ಒಂಬತ್ತು ದಿನ ಬೆಚ್ಚಗಿದ್ದೆ, ಅದು ಬೇಸರಪಟ್ಟು ಎಲ್ಲೋ ಹೋಯ್ತು."

ಮಾಳವ್ವ ಅಳುತ್ತಾ ನಕ್ಕಳು, ನಗುತ್ತಾ ಅತ್ತಳು. "ಇನ್ನು ಮೇಲೆ ಒಳಗೆ ಬರುವಾಗ ಸುಳ್ಳಿಗಾದರೂ ಒಂದು ಸಲ ಕೆಮ್ಮಿ ಬಾ. ನನ್ನ ಜೀವ ನಿಲ್ಲಲ್ಲ."

ಹತ್ತು ಜನ ಹತ್ತಿದ್ದರು, ಹತ್ತು ಜನ ಇಳಿದಿದ್ದರು. ಸುತ್ತಲ ಊರಿನವರು ಕಂಬಳಿ ಕೇಳಿಕೊಂಡು ಬಂದರು. ಮಾಳವ್ವ ನೇಯ್ದು ಮಾರಿದಳು, ಕಲಿಯಲು ಬಂದವರಿಗೆ ಗುಟ್ಟನ್ನೂ ಕೊಟ್ಟಳು. ಹೇಳುವ ಮುಂಚೆ ಒಂದೇ ಷರತ್ತು ಹಾಕುತ್ತಿದ್ದಳು, ಪೂರ್ತಿ ಕೇಳಿ ಏಳಬೇಕು.

ಆ ಸೀಮೆಯ ಗಂಡಸರು ಇವತ್ತಿಗೂ ಹೊಸಿಲು ದಾಟುವ ಮುಂಚೆ ಒಂದು ಸಲ ಕೆಮ್ಮುತ್ತಾರೆ. ರೋಗಕ್ಕಲ್ಲ, ಬಂದೆ ಅನ್ನೋದಕ್ಕೆ. ನಂಬಿಕೆ ಇಲ್ಲದವರು ನನ್ನ ಕಂಬಳಿ ಮೂಸಿ ನೋಡಿ, ಹುಣಸೆ ಬೀಜದ ವಾಸನೆ ಇನ್ನೂ ಇದೆ.

ಕಥೆ ಮಡಚಿದೆ, ಕಂಬಳಿ ಕೊಡವಿದೆ. ಕೇಳಿದವರ ಬೆನ್ನು ಬೆಚ್ಚಗಿರಲಿ, ಹೇಳಿದವಳಿಗೆ ಒಂದು ಲೋಟ ಕಾಫಿ ಬರಲಿ.