ಒಂದು ಜಾಲರಿ, ನಾಲ್ಕು ಒಪ್ಪಿಗೆ

ಅಲ್ಲ ಕೃಷ್ಣ, ನಾನ್ ಹೇಳೋದು ಪೂರ್ತಿ ಕೇಳಿಸ್ಕೊ... ಏಳ್ಬೇಡ, ಆ ಕೈ ದಿಂಬಿನ ಮೇಲೇ ಇರ್ಲಿ. ಬೆರಳು ಎರಡು ಹೋದ್ವು, ಒಪ್ಕತೀನಿ. ಅದಕ್ಕೆ ಸ್ಟೋರ್ಸಿನ ಈ ನಂಜೇಶ, ನಾನು, ಏನ್ಲಾ ಮಾಡಾನು? ಕಟಿಂಗ್ ಮಿಷಿನ್ನಿಗೆ ಜಾಲರಿ ಹಾಕ್ಸಿ, ಬ್ಲೇಡು ಕೈಗೆ ಬತ್ತದೆ ಅಂತ ನೀನ್ ಬರ್ದುಕೊಟ್ಟೆ. ಅವತ್ತೇ ಕಂಪ್ಯೂಟರ್‌ಗೆ ಏರಿಸ್ದೆ. ಜಾಲರಿ ಗೋಡೌನಲ್ಲೇ ಇತ್ತು. ನಾನೇನು ಮನೆಗೆ ಹೊತ್ಕೊಂಡೋಗಿದ್ನಾ?

ಯಾಕ್ ನಗ್ತೀಯ? ನಗು, ನಗು. ನಂಜನಗೂಡಿಂದ ನಿಂತ್ಕಂಡೇ ಬಂದು, ನರಸೀಪುರದಲ್ಲಿ ಬಸ್ ಬದಲಾಯಿಸಿ, ಈ ತಲಕಾಡಿನ ನಿಮ್ಮನೆ ತನಕ ಬಂದಿದ್ದೀನಲ್ಲ, ನಗ್ಲೇಬೇಕು.

ತಪ್ಪು ಆ ಸಾಫ್ಟ್‌ವೇರಿಂದು ಕಣ್ಲಾ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಂಗೆ. ಗೋಡೌನಿಂದ ಒಂದು ಜಾಲರಿ ಈಚೆ ತೆಗಿಯೋಕೂ ನಾಲ್ಕು ಒಪ್ಪಿಗೆ ಬೇಕಂತೆ. ಜಾಲರಿ ಅಂದ್ರೆ ಬಿಡಿಭಾಗ, ಪರ್ಚೇಸ್ ದಾರೀಲಿ ಹೋಗ್ಬೇಕಂತೆ. ಜಾಲರಿ ಅಂದ್ರೆ ಸುರಕ್ಷತೆ, ಸೇಫ್ಟಿ ದಾರೀಲೂ ಹೋಗ್ಬೇಕಂತೆ. ಮೊದ್ಲು ನಾನು ಒಪ್ಪಬೇಕು, ಆಮೇಲೆ ಪರ್ಚೇಸಿನ ಮಧುಕುಮಾರ್ ಸಾಹೇಬ್ರು, ಆಮೇಲೆ ಸೇಫ್ಟಿ ಶಿವಸ್ವಾಮಿಯೋರು, ಅವರಾದ್ಮೇಲೆ... ತಿರುಗಾ ಮಧುಕುಮಾರ್ ಸಾಹೇಬ್ರು. ಒಂದ್ಸಲ ಒಪ್ಪಿದೋರು ಇನ್ನೊಂದ್ಸಲ ಒಲ್ಲೆ ಅಂತಾರೇನೋ? ಆದ್ರೂ ಕೇಳ್ತದೆ. ಎರಡೂ ದಾರಿ ಅವರ ಮನೆ ಮುಂದೇನೇ ಹಾದು ಹೋಗ್ತವೆ ನೋಡು.

ಹೋಗ್ಲಿ ಬಿಡು. ನಾಳೆ ಸರ್ಕಾರದೋರು ಫ್ಯಾಕ್ಟ್ರಿಗೆ ವಿಚಾರಣೆಗೆ ಬತ್ತಾರೆ. ಈ ಕಾಗದಕ್ಕೊಂದು ಸೈ ಹಾಕು. 'ಅವಸರದಲ್ಲಿ ನಾನೇ ಕೈ ಇಟ್ಟೆ' ಅಂತಷ್ಟೇ ಇದೆ. ಎಡಗೈಲಾದ್ರೂ ನಡೀತದೆ. ಗೇಟಲ್ಲಿ ಕೂರೋ ಕೆಲಸ ಕೊಡಿಸ್ತೀನಿ, ನನ್ ಜವಾಬ್ದಾರಿ. ಸೈ ಹಾಕ್ದಿದ್ರೆ ಗೇಟೂ ಇಲ್ಲ, ಮಿಷಿನ್ನೂ ಇಲ್ಲ.

ಏನು? ಅರ್ಜಿ ಯಾರ ಹತ್ರ ನಿಂತಿತ್ತು ಅಂತಾನಾ? ಸಾಹೇಬ್ರ ಹತ್ರ. ಹ್ಞೂ, ಸಾಹೇಬ್ರು ಕಂಪ್ಯೂಟರ್ ಮುಟ್ಟಲ್ಲ, ಫ್ಯಾಕ್ಟ್ರಿಗೆಲ್ಲಾ ಗೊತ್ತಿರೋದೇ. ಅವರ ಪಾಸ್‌ವರ್ಡು ಒಬ್ಬರ ಹತ್ರ ಇರ್ತದೆ... ನನ್ನ ಹತ್ರ ಇರ್ತದೆ. ಶಿವಸ್ವಾಮಿಯೋರದ್ದಾ? ಅವರಿಗೆ ಕಣ್ಣು ಮಂಜು, ಪಾಪ. ಅದೂ ನನ್ನ ಹತ್ರಾನೇ.

ಹಂಗ್ ನೋಡ್ಬೇಡ ಕಣ್ಲಾ.

ನಾಲ್ಕೂ ಒಟ್ಟಿಗೆ ಒತ್ತಬಹುದಿತ್ತಲ್ಲ ಅಂತಿದೀಯ, ನಿನ್ ಕಣ್ಣೇ ಹೇಳ್ತದೆ. ಒಂದೇ ಗಳಿಗೇಲಿ ನಾಲ್ಕು ಒಪ್ಪಿಗೆ ಬಿದ್ರೆ ಆಡಿಟ್ನೋರು ಬಿಡ್ತಾರಾ? ಒಬ್ನೇ ಒತ್ತವ್ನೆ ಅಂತ ಹಿಡೀತಾರೆ, ನನ್ ಕೆಲಸ ಹೋಗ್ತದೆ. ಅದಕ್ಕೇ ಒಂದಕ್ಕೂ ಇನ್ನೊಂದಕ್ಕೂ ಮೂರು ದಿನ ಬಿಡ್ತೀನಿ. ದೊಡ್ಡೋರು ಓದಿ, ಯೋಚ್ನೆ ಮಾಡಿ ಒಪ್ಪಿದಂಗೆ ಕಾಣ್ಬೇಕಲ್ಲ. ನಾಲ್ಕು ವರ್ಷದಿಂದ ಎಲ್ಲಾ ಅರ್ಜಿಗೂ ಹಿಂಗೇ ಮಾಡ್ಕಂಡು ಬಂದಿದ್ದೀನಿ, ಯಾರಿಗೂ ಏನೂ ಆಗಿರ್ಲಿಲ್ಲ.

ಬೈಯೋದಾದ್ರೆ ಬೈಯಿ.

ಒಂದನೇ ತಾರೀಖು ನಾನಾಗಿ ಒಪ್ದೆ. ನಾಕಕ್ಕೆ ಸಾಹೇಬ್ರಾಗಿ ಒಪ್ದೆ. ಏಳಕ್ಕೆ ಶಿವಸ್ವಾಮಿಯೋರಾಗಿ. ಹತ್ತಕ್ಕೆ ತಿರುಗಾ ಸಾಹೇಬ್ರಾಗಿ ಒಪ್ಪೋದಿತ್ತು.

ನಿನ್ ಬೆರಳು ಒಂಬತ್ತಕ್ಕೆ ಹೋದ್ವು.

ನಿನ್ನ ವ್ಯಾನಿಗೆ ಹತ್ತಿಸಿ, ಅಂಗಿ ಮೇಲಿದ್ದ ರಕ್ತಾನೂ ತೊಳೀದೆ ಬಂದು ಕೂತ್ಕಂಡು ಆ ನಾಲ್ಕನೇದೂ ಒತ್ದೆ ಕೃಷ್ಣ... ಅರ್ಧ ನಿಮಿಷಾನೂ ಹಿಡೀಲಿಲ್ಲ.