ಸದ್ದು ಮಾಡದ ಬಫರ್

...ಅಲ್ಲ, ಅದಲ್ಲ ಎಡ್ಡಿ, ಅದು ಹಗುರದ್ದು! ಕೆಳಗಿಡು. ಇಡು ಮಾರಾಯ! ಆ ಹಗುರದ ಬಫರಿನಿಂದಲೇ ಇಷ್ಟೆಲ್ಲ ಆದದ್ದು ಅಂತ ಶೂಟಿಂಗ್ ಕ್ಲಬ್ಬಿನ ಕಮಿಟಿ ಬರೆದು ಕೊಟ್ಟಾಗಿದೆ. ನೀನು ಮತ್ತೆ ಅದನ್ನೇ ಹಿಡಿದು ಪ್ರೀತಿಯಿಂದ ಸವರ್ತಾ ಇದ್ದೀಯಲ್ಲ... ಇಲ್ಲಿ ನೋಡು. ನನ್ನ ಕಡೆ. ಹಾಂ.

ಬೆಂಚಿನ ಮೇಲೆ ಮೂರು ಉಂಟು. ಹಗುರದ್ದು, ಭಾರದ್ದು, ಮತ್ತೆ ಈ ಮೂರನೆಯದು, ಸರಳಿನ ಮೇಲೆ ಸ್ಪ್ರಿಂಗ್ ಪೋಣಿಸಿದ್ದು, ಸದ್ದು ಮಾಡದ್ದು. ಊಟ ಮುಗಿಸಿ ಮುದೀರ್, ನಮ್ಮ ಮ್ಯಾನೇಜರ್, ಸೀಲು ಹಿಡ್ಕೊಂಡು ಬರುವಷ್ಟರಲ್ಲಿ ಯಾವುದು ಅಂತ ಫಾರ್ಮಿನಲ್ಲಿ ಬರೆದಿರಬೇಕು. ನಾಳೆ ಬೆಳಿಗ್ಗೆ ಏಳಕ್ಕೆ ನೀನು ಹೊಡೆದು ಪರೀಕ್ಷೆ ಮಾಡಬೇಕು. ಆಮೇಲೆಯೇ ಕ್ಲಬ್ಬಿನ ಮೆಂಬರ್ ಆ ಡಾಕ್ಟರ್ ಮೇಡಂ ತನ್ನ ಅಳತೆಗೆ ಕಟ್ಟಿಸಿದ ಕೋವಿ ಮುಟ್ಟುವುದು.

ಎಂತ ನಗ್ತೀಯಾ? ನಾನು ಬಫರ್ ಬಗ್ಗೆ ಮಾತಾಡುವುದು ನೋಡಿಯಾ? ಬಿ.ಎ.ಯಲ್ಲಿ ಇಂಗ್ಲಿಷ್ ಪದ್ಯ ಓದಿದವಳಿಗೆ ಇಷ್ಟು ಬಂದದ್ದೇ ದೊಡ್ಡದು. ಬೇಕಾದರೆ ಪಾಠ ಒಪ್ಪಿಸ್ತೇನೆ, ಕೇಳು. ಗುಂಡು ಹಾರುವಾಗ ಒಳಗಿನ ಬೋಲ್ಟ್ ಹಿಂದಕ್ಕೆ ನುಗ್ಗುತ್ತದೆ. ಹಿಂದಿನ ಕೊಳವೆಯಲ್ಲಿ ಕೂತ ಈ ಭಾರ, ಈ ಸ್ಪ್ರಿಂಗ್, ಎರಡೂ ಸೇರಿ ಅದನ್ನು ತಡೆದು ಪುನಃ ಮುಂದಕ್ಕೆ ತಳ್ಳುತ್ತವೆ. ಭುಜಕ್ಕೆ ಬೀಳುವ ಒದೆತ ಕಡಿಮೆ. ಸರಿಯಾ? ಇಪ್ಪತ್ತು ವರ್ಷ ಕೋವಿ ರಿಪೇರಿಯವನ ಹೆಂಡತಿ ಆಗಿದ್ದರೆ ಇಷ್ಟು ತನ್ನಷ್ಟಕ್ಕೆ ಬರ್ತದೆ. ನಮ್ಮ ಮನೆಯಲ್ಲಿ ಆ ಕೊಳವೆಯೊಳಗೆ ಕೂತದ್ದು ನಾನೇ ಅಲ್ವಾ, ಬರುವ ಒದೆತವನ್ನೆಲ್ಲ ತಡೆದು ತಡೆದು... ಮುಖ ಯಾಕೆ ಆಚೆ ತಿರುಗಿಸ್ತೀಯಾ? ತಮಾಷೆ ಮಾರಾಯ. ನನ್ನ ಮುಖ ನೋಡಿ ಮಾತಾಡು.

ಏನು? ಹಗುರದ್ದರಲ್ಲಿ ಎಂತ ದೋಷವೂ ಇರಲಿಲ್ಲವಾ? ಅದನ್ನು ಮುದೀರ್ ಎದುರು ಹೇಳಬೇಡ! ಯಾರ ಎದುರೂ ಹೇಳಬೇಡ. ಮೂರು ವಾರ ಆಯ್ತು, ಹೊಲಿಗೆ ಬಿಚ್ಚಿ ಆಯ್ತು, ಫೈಲು ಮುಚ್ಚಿ ಆಯ್ತು. ರಿಪೋರ್ಟ್ ಟೈಪ್ ಮಾಡಿದ್ದು ನಾನೇ. ನೀನು ಕೊನೆಯ ಗುಂಡು ಹೊಡೆದೆ. ರೇಂಜಿನ ಹುಡುಗ ಶಹೀರ್ ಗುಂಡು ನಿಲ್ಲಿಸಿ ಅಂತ ವಿಸಿಲ್ ಊದಿದ, ಟಾರ್ಗೆಟ್ ಬದಲಿಸ್ಲಿಕ್ಕೆ ನಡೆದ. ಬಫರ್ ಹಗುರ ಆದ ಕಾರಣ ಬೋಲ್ಟ್ ಅದುರಿ ಕೋವಿ ತನ್ನಷ್ಟಕ್ಕೇ ಇನ್ನೊಂದು ಬಿಟ್ಟಿತು. ಅವನ ತೋಳು ಸೀಳಿ ಹೋಯ್ತು. ಒಂಬತ್ತು ಹೊಲಿಗೆ. ಅಷ್ಟೇ. ನಾಲ್ಕು ಬೆರಳು ಈಚೆ ಬಂದಿದ್ದರೆ... ಬೇಡ.

ನಿನ್ನೆ ಉಳ್ಳಾಲದಿಂದ ಹಲೀಮಮ್ಮ ಫೋನ್ ಮಾಡಿದ್ರು. ಶಹೀರನ ಉಮ್ಮ. ಬೈಲಿಕ್ಕೆ ಅಂತ ತಿಳ್ಕೊಂಡು ಬಾಲ್ಕನಿಗೆ ಹೋಗಿ ಎತ್ತಿದೆ. "ಎಡ್ಮಂಡಿಗೆ ಹೇಳು ಮಗಳೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ. ಅವ ಶಹೀರನಿಗೆ ಅಣ್ಣನ ಹಾಗೆ. ಕೋವಿ ಕೆಟ್ಟರೆ ಅವ ಎಂತ ಮಾಡಿಯಾನು?" ಅಂದ್ರು. ಯಾರದೋ ಕೈಯಲ್ಲಿ ಹಲಸಿನ ಹಪ್ಪಳ ಕಳಿಸಿದ್ದಾರೆ. ನಾನು ಡಬ್ಬಿ ತೆರೆಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಡ್ಡಿ... ಬೈದಿದ್ದರೆ ಹಪ್ಪಳ ಕರೀತಿದ್ದೆ.

ಎಂತ ಹಾಗೆ ನೋಡ್ತೀಯಾ? ನಿದ್ದೆ ಇಲ್ಲ, ಅದಕ್ಕೇ ಕಣ್ಣು ಹೀಗೆ. ಆ ವಿಸಿಲ್... ಕುಕ್ಕರ್ ಕೂಗಿದರೆ ಕೈಯಿಂದ ಪಾತ್ರೆ ಬೀಳ್ತದೆ. ಮೊನ್ನೆ ಇಗರ್ಜಿಯಲ್ಲಿ ಮೈಕ್ ಕೀರಿತು, ನಾನು ಪಾದ್ರಿಗಳ ಪ್ರಸಂಗದ ಮಧ್ಯ ಎದ್ದು ನಿಂತುಬಿಟ್ಟೆ! ಗ್ಲೆನಿಟಾ ನನ್ನ ಚೂಡಿದಾರದ ತುದಿ ಎಳೆದು ಕೂರಿಸಿದಳು. "ಮಮ್ಮಾ, ಸೋ ಎಂಬರಾಸಿಂಗ್!" ಗುಂಡು ತಾಗಿದ ದಿನ ನಾನು ಕ್ಲಬ್ಬಿನ ಆಫೀಸಿನಲ್ಲಿದ್ದೆ. ಕಿಟಕಿ ಮುಚ್ಚಿತ್ತು, ಎಸಿ ಗುಂಯ್ ಅಂತಿತ್ತು. ಆದರೂ ಕೇಳಿತು ನಂಗೆ. ಮೊದಲು ವಿಸಿಲ್. ಎಷ್ಟೋ ಹೊತ್ತು ಬಿಟ್ಟು ಗುಂಡು. ಆಂಬುಲೆನ್ಸಿಗೆ ಹತ್ತಿಸುವಾಗ ಶಹೀರ್ ಕುತ್ತಿಗೆಯಿಂದ ವಿಸಿಲ್ ತೆಗೆದು ನನ್ನ ಕೈಗೆ ಕೊಟ್ಟ. "ಜೋಪಾನ ಅಕ್ಕಾ, ಇದು ಕ್ಲಬ್ಬಿಂದು." ತೋಳಿಂದ ರಕ್ತ ಸೋರ್ತಾ ಇರುವಾಗ! ನನ್ನ ಬ್ಯಾಗಿನಲ್ಲೇ ಉಂಟು ಇನ್ನೂ.

ಹಾಂ? ಮೂರನೆಯದು ದಂಡವಾ? ಎರಡಕ್ಕೂ ಎಂತ ವ್ಯತ್ಯಾಸ, ಹಳೆಯ ಸ್ಪ್ರಿಂಗೂ ಸದ್ದು ಮಾಡುವುದಿಲ್ಲ ಅಂತೀಯಾ...

ಎಡ್ಡಿ, ಆ ಸದ್ದು ಅಂದರೆ ನಿನಗೆ ಮೈಯೆಲ್ಲ ಉರೀತಿತ್ತು. "ಕೋವಿಗೆ ಕೆನ್ನೆ ಇಟ್ಟ ಕೂಡಲೇ ಕಿವಿಯೊಳಗೆ ಯಾರೋ ತಂತಿ ಮೀಟಿದ ಹಾಗೆ ಫ್ಲಾವಿ, ಟ್ರಂಯ್..." ಊಟಕ್ಕೆ ಕೂತರೂ ಅದೇ. ಸದ್ದಿಲ್ಲದ್ದು ತರಿಸು, ತರಿಸು ಅಂತ ನನ್ನ ಜೀವ ತಿಂದೆ. ತರಿಸಿದೆ. ಹೋದ ವರ್ಷ ಒಂದು ದಿನ ಉಣ್ಣುವಾಗ ನೀನು ಇದೇ ಮಾತು ಹೇಳಿದೆ, ಹಳೆಯದೂ ಸದ್ದು ಮಾಡುವುದಿಲ್ಲ ಅಂತ. ನನ್ನ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು.

ಏನಿಲ್ಲ. ಏನಿಲ್ಲ ಅಂದೆ! ನೀನು ಭಾರದ್ದನ್ನು ಹಾಕು. ಆ ಕಡೆ ತಿರುಗಿ ಕೂತು ಹಾಕು, ಬೆಳಕು ಅಲ್ಲುಂಟು. ಬೆಕ್ಕನ್ನು ತುಳೀಬೇಡ, ಬೆಂಚಿನ ಕೆಳಗೆ ಮಲಗಿದೆ.

...

ಎಡ್ಡಿ. ಫಾರ್ಮಿನಲ್ಲಿ ಭಾರದ್ದು ಅಂತಲೇ ಬರೆಯಲಾ?

ಎಡ್ಡಿ?

ಗಂಡಂದಿರು ಹೇಳಿದ್ದು ಕೇಳುವುದಿಲ್ಲ ಅಂತ ಈ ರಿಫಾ ಊರಿನ ನಮ್ಮ ಕಡೆಯ ಎಲ್ಲ ಹೆಂಗಸರೂ ದೂರ್ತಾರೆ. ನಾನೂ ಅವರ ಜೊತೆ ಸೇರಿ ನಕ್ಕೆ. ನಕ್ಕು ನಕ್ಕೇ ದಿನ ದೂಡಿದೆ... ಇಗೋ, ಹಳೆಯ ಸ್ಪ್ರಿಂಗ್ ಒತ್ತಿ ಬಿಡ್ತೇನೆ, ನಿನ್ನ ಬೆನ್ನ ಹಿಂದೆಯೇ. ಟ್ರಂಯ್... ಇನ್ನೊಮ್ಮೆ. ಟ್ರಂಯ್. ಇಲ್ಲವಾ?

ಬ್ಯಾಗಿನಿಂದ ವಿಸಿಲ್ ತೆಗೆದೆ... ಒಂದೇ ಸಲ ಊದ್ತೇನೆ. ಶಹೀರ್ ಅವತ್ತು ಊದಿದಷ್ಟೇ ಜೋರಾಗಿ.

...

ಬೆಕ್ಕು ಬಾಗಿಲಿನಾಚೆ ಓಡಿಯೇ ಹೋಯ್ತು. ನೀನು ಅದು ಓಡಿದ್ದು ನೋಡಿ ನಗ್ತಾ ಇದ್ದೀಯಾ. ನಿನ್ನ ಹೆಗಲು ಕುಲುಕುವುದು ಕಾಣ್ತದೆ ನಂಗೆ. ಯಾಕೆ ಓಡಿತು ಅಂತ ನಿನಗೆ ಗೊತ್ತಿಲ್ಲ.

ಜನವರಿಯ ಕಿವಿ ಪರೀಕ್ಷೆಯ ಕಾಗದ ಸೀದಾ ನನ್ನ ಮೇಜಿಗೇ ಬಂದದ್ದು ಎಡ್ಡಿ. ಎರಡೂ ಕಿವಿ ಅನ್‌ಫಿಟ್, ರೇಂಜಿನ ಕೆಲಸಕ್ಕೆ ಆಗದು ಅಂತ. ನಾನು ಪಟ್ಟಿಯಲ್ಲಿ ಫಿಟ್ ಅಂತ ಟೈಪ್ ಮಾಡಿದೆ. ನೀನು ಬಂದು "ಎಂತಂತೆ?" ಅಂದೆ. "ಪಾಸ್" ಅಂದೆ ನಾನು. ಅವತ್ತು ಖುಷಿಯಲ್ಲಿ ನೀನು ನಮ್ಮಿಬ್ಬರನ್ನೂ ಬುದಯ್ಯದ ಕಡಲ ತೀರದ ತನಕ ತಿರುಗಾಡಲಿಕ್ಕೆ ಕರ್ಕೊಂಡು ಹೋದೆ. ಗ್ಲೆನಿಟಾಳ ಬೋರ್ಡ್ ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುವ ಅಂದುಕೊಂಡೆ ನಾನು. ನಿನ್ನ ಕೆಲಸ, ವೀಸಾ ಹೋದರೆ ಮಗು ಮಧ್ಯದಲ್ಲಿ ಎಲ್ಲಿಗೆ ಹೋಗಬೇಕು? ಮಾರ್ಚ್ ಮುಗಿಯಿತು. ರಿಸಲ್ಟ್ ಬರಲಿ ಅಂದುಕೊಂಡೆ...

ವಿಸಿಲ್ ಊದಲೇ ಇಲ್ಲ ಅಂತ ಆಣೆ ಹಾಕಿದೆಯಲ್ಲ ನೀನು. ಊದಿದ್ದ. ರೇಂಜಿನಲ್ಲಿದ್ದ ಆರು ಜನರೂ ಕಿವಿಗೆ ಇಯರ್‌ಮಫ್ ಹಾಕಿಕೊಂಡಿದ್ದರು, ಆದರೂ ಆರು ಜನಕ್ಕೂ ಕೇಳಿತು. ಕೋವಿ ತನ್ನಷ್ಟಕ್ಕೆ ಹೊಡೆಯಲಿಲ್ಲ. ನೀನು ಹೊಡೆದೆ. ಬಫರಿನ ಕಥೆ ಇಂಟರ್ನೆಟ್ಟಿನಲ್ಲಿ ಯಾರೋ ಗುರುತಿಲ್ಲದವ ಬರೆದದ್ದು, ನಾನು ಹೆಕ್ಕಿ ತಂದದ್ದು. ಅಷ್ಟು ಚಂದ ಟೈಪ್ ಮಾಡಿದೆ, ಕಮಿಟಿ ನಂಬಿತು. ಹಲೀಮಮ್ಮ ನಂಬಿದ್ರು. ಕಡೆಗೆ ನೀನೂ ಸಹಿ ಹಾಕಿದೆ.

ನಾಳೆ ಏಳಕ್ಕೆ ಶಹೀರ್ ಡ್ಯೂಟಿಗೆ ವಾಪಸ್. ಮತ್ತೆ ಊದ್ತಾನೆ. ನಿನ್ನನ್ನು ನಂಬಿ ಮತ್ತೆ ನಡೀತಾನೆ.

ಎಡ್ಡಿ... ಹಾಂ, ಹೆಗಲು ಮುಟ್ಟಿದ್ದು ನಾನೇ. ಹೆದರಬೇಡ. ತಿರುಗು. ಅದನ್ನು ಕೆಳಗಿಡು. ಫಾರ್ಮ್ ಬಿಡು ಈಗ. ನನ್ನ ಬಾಯಿ ನೋಡು, ನಿಧಾನಕ್ಕೆ ಹೇಳ್ತೇನೆ. ಬಫರಿನ ತಪ್ಪು... ಅಲ್ಲ.

ಎಂತ? ಈ ಬಫರ್ ತಪ್ಪು ಅಂದೆ ಅಂತ ತಿಳ್ಕೊಂಡು, ಮೂರನೆಯದು ಹಾಕುವುದಾ ಅಂತ ಕೇಳ್ತೀಯಾ?

ಅಯ್ಯೋ ದೇವರೇ... ಇಲ್ಲ. ಇಲ್ಲ ಎಡ್ಡಿ. ನೋಡು ಇಲ್ಲಿ. ಇನ್ನೊಮ್ಮೆ ಹೇಳ್ತೇನೆ.